ಎರಡು ಮನೆಯ ಲೆಕ್ಕ

ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ ಅಂದಾಗ ಅಪ್ಪಯ್ಯ ಸಂಬಳ ಎಷ್ಟು ಅಂತ ಕೇಳಲಿಲ್ಲ. "ಮೊದಲ ಸಂಬಳ ಯಾವತ್ತು ಕೈಗೆ ಬರುತ್ತೆ?" ಅಂದರು. ಅಡಿಕೆ ತೋಟದವರು ಕೇಳೋದೇ ಹಾಗೆ. ಅಡಿಕೆ ಕೊನೆ (ಗೊನೆ) ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲೆ ದುಡ್ಡು ನೋಡುವ ಮನೆ ನಮ್ಮದು. ಎಷ್ಟು ಬರುತ್ತೆ ಅನ್ನೋದು ಆಮೇಲಿನ ಮಾತು. ಅದು ಬರುವ ತನಕ ಮನೆ ಹೇಗೆ ನಡೆಯಬೇಕು ಅನ್ನೋದು ಮೊದಲ ಮಾತು.

ಹೊರದೇಶಕ್ಕೆ ಹೊರಡುವವರ ಬಜೆಟ್ಟಿಗೂ ಇದೇ ಸರಿಯಾದ ಪ್ರಶ್ನೆ ಅಂತ ನನಗೆ ಆ ಭಾನುವಾರ ಗಟ್ಟಿಯಾಯಿತು.

ಲೆಕ್ಕ ಹಾಕಲಿಕ್ಕೇ ಅಂತ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಡಿಸೆಂಬರ್ ತಿಂಗಳು, ಅಂಗಳದ ತುಂಬ ಅಡಿಕೆ ಹರಡಿತ್ತು. ಜಗಲಿಯಲ್ಲಿ ಕೂತು ನಾನು ಲ್ಯಾಪ್‌ಟಾಪ್ ತೆಗೆದೆ, ಅಪ್ಪಯ್ಯ ತೋಟದ ಡೈರಿ ತೆಗೆದರು. ಎಡಗಡೆ ಪುಟದಲ್ಲಿ ಖರ್ಚು: ಕೊನೆಗಾರರ ಕೂಲಿ, ಸುಲಿಯುವ ಕೂಲಿ, ಗೊಬ್ಬರ, ಮೈಲುತುತ್ತ, ಸುಣ್ಣ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಈ ಅಳತೆ ಯಾವ ಪುಟದಲ್ಲೂ ಬದಲಾಗಿಲ್ಲ, ಪಕ್ಕದ ರೇಟು ಮಾತ್ರ ಏರುತ್ತಾ ಬಂದಿದೆ. ಪುಟದ ಕೊನೆಗೆ ಕೆಂಪು ಶಾಯಿಯಲ್ಲಿ ಒಂದು ಸಾಲು, 'ಮುಟ್ಟಬಾರದ್ದು' ಅಂತ. ಎಲೆಚುಕ್ಕಿ ರೋಗ ಬಂದು ಫಸಲು ಕೈಕೊಟ್ಟ ವರ್ಷದಲ್ಲೂ ಅದರ ಎದುರು ಒಂದಿಷ್ಟು ಮೊತ್ತ ಬರೆದಿದೆ. ಅದನ್ನು ನೋಡಿದಾಗ ನನಗೆ ಅಪ್ಪಯ್ಯನ ಮೇಲೆ ತುಂಬಾ ಹೆಮ್ಮೆಯಾಯಿತು.

ಮೊದಲು ಅವರ ಪ್ರಶ್ನೆಯನ್ನೇ ಹಿಡಿದೆವು. ಅಲ್ಲಿ ಸಂಬಳ ಆಗೋದು ತಿಂಗಳ ಕೊನೆಗೆ. ಕಂಪನಿ ಸ್ಥಳಾಂತರದ ಖರ್ಚು ಕೊಡುತ್ತದೆ, ಆದರೆ ನಾನು ಖರ್ಚು ಮಾಡಿ ರಸೀದಿ ತೋರಿಸಿದ ಮೇಲೆ. ಅಂದರೆ ಮೊದಲ ತಿಂಗಳು ಪೂರ್ತಿ ಇಲ್ಲಿಂದ ಒಯ್ದ ದುಡ್ಡೇ. ಸಾಮಾನು ಸಮೇತ ಸಿಗುವ ಪುಟ್ಟ ಮನೆ ನೋಡಿದ್ದೆ, ಬಾಡಿಗೆ 1,400 ಯೂರೋ, ಅಷ್ಟೇ ಡೆಪಾಸಿಟ್. ಊಟ, ಚಳಿಯ ಬಟ್ಟೆ, ಓಡಾಟ, ವೀಸಾದ 75 ಯೂರೋ, ವಿಮಾನದ ಟಿಕೆಟ್ ಎಲ್ಲ ಸೇರಿ 4,000 ಯೂರೋ ಅಂತ ಹಿಡಿದೆವು. ಯೂರೋ ಆಗಲೇ ನೂರು ರೂಪಾಯಿ ದಾಟಿತ್ತು. ನಾನು 105ರ ಲೆಕ್ಕದಲ್ಲಿ 4.2 ಲಕ್ಷ ಅಂತ ಬರೆದೆ. ರೇಟು ಯಾವಾಗಲೂ ಸ್ವಲ್ಪ ಜಾಸ್ತಿ ಹಿಡಿಯಬೇಕು. ಅಡಿಕೆ ರೇಟನ್ನು ಅಪ್ಪಯ್ಯ ಯಾವಾಗಲೂ ಸ್ವಲ್ಪ ಕಮ್ಮಿಯೇ ಹಿಡಿಯುತ್ತಾರೆ, ಅಲ್ವಾ? ಎರಡಕ್ಕೂ ಕಾರಣ ಒಂದೇ.

ಸ್ವಂತ ಬಾಡಿಗೆ ಮನೆಯ ವಿಷಯ ಬಂದಾಗ ಅಮ್ಮನೂ ಕೈ ಒರೆಸಿಕೊಂಡು ಜಗಲಿಗೆ ಬಂದಳು. ಜರ್ಮನಿಯಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಕಟ್ಟೆಯೇ ಇರುವುದಿಲ್ಲ. ಒಲೆ ಇಲ್ಲ, ಸಿಂಕ್ ಇಲ್ಲ, ಗೋಡೆಯಿಂದ ನಲ್ಲಿಯ ಪೈಪ್ ಮಾತ್ರ ಹೊರಗೆ ಚಾಚಿರುತ್ತದೆ. ಬಲ್ಬ್ ಇರಬೇಕಾದ ಕಡೆ ವೈರು ನೇತಾಡುತ್ತಿರುತ್ತದೆ. ಹಿಂದಿನ ಬಾಡಿಗೆದಾರರು ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ. ನಾನು ಫೋಟೋ ತೋರಿಸಿದೆ.

"ಎಂಥ ಮನೆ ಮಾರಾಯ್ತಿ ಇದು? ಒಲೆನೂ ಇಲ್ದಿರೋದಕ್ಕೆ ಅಷ್ಟು ಬಾಡಿಗೆಯಾ?" ಅಂದಳು ಅಮ್ಮ.

ಅಂಥ ಮನೆಗೆ 1,100 ಯೂರೋ. ಹೀಟರ್, ನೀರು, ಕಸದ ಖರ್ಚು ಅದರಲ್ಲಿ ಸೇರಿಲ್ಲ, ಅದಕ್ಕೆ ಬೇರೆ 250. ಡೆಪಾಸಿಟ್‌ಗೆ ಮಾತ್ರ ಅಲ್ಲಿನ ಕಾನೂನು ಬಾಡಿಗೆದಾರರ ಪರ ಇದೆ: ಈ ಖರ್ಚುಗಳನ್ನು ಬಿಟ್ಟ ಬರೀ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು. ಅಂದರೆ ನನ್ನ ಲೆಕ್ಕದಲ್ಲಿ 3,300 ಒಂದೇ ಸಲ ಬೇಡ, ತಿಂಗಳಿಗೆ 1,100ರಂತೆ ಸಾಕು. ಹೊಸಬರಿಗೆ ಇದೊಂದು ವಿಷಯ ಗೊತ್ತಿದ್ದರೆ ಎಷ್ಟೋ ನಿರಾಳ.

ತಿಂಗಳ ಸಂಬಳ 4,500 ಯೂರೋ. ಒಂಟಿಯಾಗಿರುವವರಿಗೆ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಳೆದು ಕೈಗೆ ಬರೋದು 2,800ರ ಆಸುಪಾಸು. ಅದರಲ್ಲಿ ಮನೆಗೆ ಒಂದರಂತೆ ರೇಡಿಯೋ-ಟಿವಿ ಶುಲ್ಕ 18.36 ಯೂರೋ, ಟಿವಿ ಇಲ್ಲದಿದ್ದರೂ ಕಟ್ಟಲೇಬೇಕು. ದೇಶವಿಡೀ ಬಸ್ಸು, ಲೋಕಲ್ ರೈಲಿಗೆ ನಡೆಯುವ ಪಾಸ್ 2023ರಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೋ ಇತ್ತು, 2026ರ ಜನವರಿಯಿಂದ 63. ಎಲ್ಲ ಕಳೆದು 900 ಉಳಿದರೆ ಹೆಚ್ಚು. ಸಂಬಳವನ್ನು 105ರಿಂದ ಗುಣಿಸಿ ಖುಷಿಪಡುವವರು ಖರ್ಚನ್ನೂ ಅದೇ 105ರಿಂದ ಗುಣಿಸಿ ನೋಡಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ದುಡ್ಡು ಒಯ್ಯುವ ವಿಷಯದಲ್ಲಿ ತಲೆನೋವು ಇರಲಿಲ್ಲ. ವರ್ಷಕ್ಕೆ 10 ಲಕ್ಷ ದಾಟಿದರೆ ಮಾತ್ರ ಬ್ಯಾಂಕು ಟಿಸಿಎಸ್, ಅಂದರೆ ಹೊರದೇಶಕ್ಕೆ ಹೋಗುವ ದುಡ್ಡಿನ ಮೇಲೆ ಮೊದಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ, ನನ್ನದು ಅದಕ್ಕಿಂತ ಎಷ್ಟೋ ಕಮ್ಮಿ. ನೋಟಿನ ರೂಪದಲ್ಲಿ ಒಂದು ಪ್ರಯಾಣಕ್ಕೆ 3,000 ಡಾಲರ್‌ನಷ್ಟು ಮಾತ್ರ ಒಯ್ಯಬಹುದು, ಉಳಿದದ್ದು ವಿದೇಶಿ ದುಡ್ಡು ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿಗೆ. ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಇಲ್ಲಿನ ದುಡ್ಡು ಇಡುವ ಖಾತೆ) ಬದಲಾಯಿಸಬೇಕು.

"ತೋಟ?" ಅಂದರು ಅಪ್ಪಯ್ಯ. "ಅಲ್ಲಿದ್ರೆ ನಿನ್ನ ಹೆಸರಿಗೆ ಬರೋಕೆ ತೊಂದ್ರೆ ಇದ್ಯಾ?"

ಈ ಪ್ರಶ್ನೆ ಅವರ ಮನಸ್ಸಿನಲ್ಲಿ ಬಹಳ ದಿನದಿಂದ ಇತ್ತು ಅಂತ ಧ್ವನಿಯಲ್ಲೇ ಗೊತ್ತಾಯಿತು. ಅನಿವಾಸಿಯಾದ ಮೇಲೆ ಕೃಷಿ ಜಮೀನು, ತೋಟ ಕೊಂಡುಕೊಳ್ಳುವ ಹಾಗಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ ಅಂತ ಹೇಳಿದೆ. "ಪಕ್ಕದ ಅರ್ಧ ಎಕರೆ ಮಾರಾಟಕ್ಕೆ ಬಂದ್ರೆ ನಿನ್ನ ಹೆಸರಲ್ಲಿ ತಗೊಳ್ಳೋ ಹಾಗಿಲ್ಲ ಅನ್ನು" ಅಂತ ಅದನ್ನೂ ಡೈರಿಗೆ ಬರೆದುಕೊಂಡರು.

ಊಟ ಆದ ಮೇಲೆ ಪುಟ ತಿರುಗಿಸಿ ಬಲಗಡೆ ಈ ಮನೆಯ ಹೆಸರು ಬರೆದೆವು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಈ ಪುಟ. ಅಪ್ಪಯ್ಯನಿಗೆ ಬಿಪಿ ಇದೆ. ಈಗ ಆರೋಗ್ಯ ವಿಮೆ ಮಾಡಿಸಿದರೂ ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಅಷ್ಟು ದಿನ ಕೈಯಲ್ಲಿ ದುಡ್ಡೇ ಇರಬೇಕು. ರಾತ್ರಿ ಹೊತ್ತು ಎದೆನೋವು ಅಂದರೆ ಶಿವಮೊಗ್ಗ 60 ಕಿಲೋಮೀಟರ್, ಇಲ್ಲವಾದರೆ ಆಗುಂಬೆ ಘಾಟಿ ಇಳಿದು ಮಣಿಪಾಲ. ನಾನು ಮ್ಯೂನಿಕ್‌ನಿಂದ ಬೆಂಗಳೂರಿಗೆ ಬಂದಿಳಿದರೂ ಅಲ್ಲಿಂದ ಮನೆಗೆ ಇನ್ನರ್ಧ ದಿನ. ಆಸ್ಪತ್ರೆಯ ಮುಂಗಡಕ್ಕೆ ಎರಡು ಲಕ್ಷ, ನಿಂತ ಕಾಲಲ್ಲೇ ಟಿಕೆಟ್ ತಗೊಂಡು ಬರಲು ಒಂದೂವರೆ ಲಕ್ಷ ಅಂತ ಬರೆದು, ಎದುರಿಗೆ ಕೆಂಪು ಶಾಯಿ ಹಚ್ಚಿದೆವು.

ಆ ದುಡ್ಡು ಎಲ್ಲಿರಬೇಕು ಅನ್ನೋದಕ್ಕೆ ಮಾತ್ರ ಜೋರು ಚರ್ಚೆಯಾಯಿತು. ಹೋದ ವರ್ಷದ ರಾಶಿ ಅಡಿಕೆ ಮಾರದೆ ಇಟ್ಟಿದ್ದೇವೆ, ಅದೇ ಇರಲಿ ಅಂದರು ಅಪ್ಪಯ್ಯ. ಬೇಕಾದಾಗ ಸೊಸೈಟಿಯಲ್ಲಿ ಅಡವಿಟ್ಟರೂ ಸಾಲ ಸಿಗುತ್ತೆ ಅನ್ನೋದು ಅವರ ಧೈರ್ಯ. ಮಲೆನಾಡಿನಲ್ಲಿ ಎಷ್ಟೋ ಮದುವೆ, ಎಷ್ಟೋ ಆಪರೇಷನ್ ನಡೆದಿರೋದು ಹಾಗೆಯೇ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಅಡಿಕೆ ಕೊಳ್ಳುವವರು ಯಾರು?

"ಅವಳು ಹೇಳೋದು ಸರಿ. ಆಸ್ಪತ್ರೆ ಬಾಗಿಲಲ್ಲಿ ನಿಂತ್ಕೊಂಡು ಮಂಡಿಗೆ ಫೋನ್ ಮಾಡೋಕಾಗುತ್ತಾ?" ಅಂದಳು ಅಮ್ಮ. ಆಮೇಲೆ ಅಪ್ಪಯ್ಯ ಮಾತಾಡಲಿಲ್ಲ.

ಸಂಜೆ ಸೂಟ್‌ಕೇಸನ್ನು ಅಡಿಕೆ ತೂಗುವ ತಕ್ಕಡಿಗೆ ಹಾಕಿ ನೋಡಿದೆವು. ಹಾಲಿನ ಪದಾರ್ಥ ಯುರೋಪಿಗೆ ಒಯ್ಯುವ ಹಾಗಿಲ್ಲ, ಹಾಗಾಗಿ ಅಮ್ಮ ಕಾಯಿಸಿಟ್ಟಿದ್ದ ತುಪ್ಪದ ಡಬ್ಬಿ ಹೊರಗೆ ಬಂತು. ಅಪ್ಪೆಮಿಡಿ ಉಪ್ಪಿನಕಾಯಿ ಒಳಗೇ ಉಳಿಯಿತು.

ಮರುದಿನ ಅಮ್ಮನ ಜೊತೆ ತೀರ್ಥಹಳ್ಳಿಯ ಬ್ಯಾಂಕಿಗೆ ಹೋಗಿ ಅವಳ ಹೆಸರಿನಲ್ಲೇ ಮೂರೂವರೆ ಲಕ್ಷ ಎಫ್‌ಡಿ ಇಟ್ಟೆವು. ಬೇಕಾದರೆ ಅವಧಿಗೆ ಮುಂಚೆ ಮುರಿಯಬಹುದು, ಬಡ್ಡಿ ಸ್ವಲ್ಪ ಕಮ್ಮಿಯಾಗುತ್ತದೆ, ಅಷ್ಟೇ. ಫೋನಿನಲ್ಲೇ ಮುರಿಯುವುದನ್ನು ಅಮ್ಮನಿಗೆ ಅಲ್ಲೇ ಕೂರಿಸಿ ಹೇಳಿಕೊಟ್ಟೆ, ಅವಳ ಕೈಯಲ್ಲೇ ಒತ್ತಿಸಿದೆ, ಕೊನೆಯ ಬಟನ್ ಒಂದನ್ನು ಬಿಟ್ಟು. ನನ್ನ ಉಳಿತಾಯದಲ್ಲಿ ಅಷ್ಟು ಕಳೆದ ಮೇಲೆ 1,400 ಯೂರೋ ಮನೆ ಕೈಗೆ ಎಟುಕುವಂತಿರಲಿಲ್ಲ. ಇನ್ನಿಬ್ಬರು ಇರುವ ಮನೆಯಲ್ಲಿ, ಅಡುಗೆಮನೆ ಹಂಚಿಕೊಳ್ಳುವ ಒಂದು ರೂಮು 800 ಯೂರೋಗೆ ಸಿಗುತ್ತಿತ್ತು. ಅದಕ್ಕೇ ಒಪ್ಪಿಗೆ ಬರೆದು ಕಳಿಸಿದೆ.