ತೆಳು ಪೈಪು, ಕಡಿಮೆ ಆಂಪಿಯರು: ಕಾರ್ ಶೆಡ್ಡಿನ ವೆಲ್ಡಿಂಗ್ ಕೆಲಸ

ಬೆಂಗಳೂರಿನ ಸಾಮಾನ್ಯ ಮನೆಯೊಂದರಲ್ಲಿ ಕಬ್ಬಿಣದ ಕೆಲಸವೆಂದರೆ ಕಿಟಕಿಯ ಗ್ರಿಲ್ಲು, ಗೇಟು, ತಾರಸಿಯ ಬಾಗಿಲು, ಬಟ್ಟೆ ಒಣಗಿಸುವ ಕಂಬಿ, ಹೂಕುಂಡಗಳ ಸ್ಟ್ಯಾಂಡು, ಹೆಚ್ಚೆಂದರೆ ಚಪ್ಪಲಿ ಇಡುವ ಕಪಾಟಿನ ಚೌಕಟ್ಟು. ದಪ್ಪ ಪ್ಲೇಟು, ತೊಲೆಗಳೆಲ್ಲ ಪೀಣ್ಯದ ಕಾರ್ಖಾನೆಗಳ ಪಾಲು. ಹವ್ಯಾಸಕ್ಕೆಂದು ಮನೆಯ ಮುಂದಿನ ಕಾರ್ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ನನ್ನಂಥವರ ಕೈಗೆ ಬರುವುದು ಬಹುಮಟ್ಟಿಗೆ ಒಂದಿಂಚಿನ ಚೌಕ ಪೈಪು. ಅದರ ಗೋಡೆಯ ದಪ್ಪ 16 ಗೇಜಿನದಾದರೆ 1.6 ಮಿಲಿಮೀಟರು, 18 ಗೇಜಿನದಾದರೆ 1.2 ಮಿಲಿಮೀಟರು. ಉಕ್ಕು ಕರಗುವುದು ಸುಮಾರು 1500 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಆದರೆ ಕರಗಿ ಬೆಸುಗೆಗೆ ಸೇರುವ ಕಂಬಿಯ, ಅಂದರೆ ರಾಡಿನ, ತುದಿಯಲ್ಲಿ ಹೊತ್ತಿಕೊಳ್ಳುವ ವಿದ್ಯುತ್ ಕಿಡಿಯಾದ ಆರ್ಕಿನ ಉಷ್ಣತೆ 5000 ಡಿಗ್ರಿಯನ್ನೂ ಮೀರುತ್ತದೆ. ಇಷ್ಟು ಬಿಸಿಯ ಮುಂದೆ ಇಷ್ಟು ತೆಳುವಾದ ಗೋಡೆಯನ್ನು ಕರಗಿಸಲು ಯಾವ ಜಾಣ್ಮೆಯೂ ಬೇಡ. ಬೇಕಾದಲ್ಲಿ, ಬೇಕಾದಷ್ಟೇ ಕರಗಿಸುವುದರಲ್ಲಿ ಈ ಕೆಲಸದ ಕಷ್ಟವೂ ಸೊಗಸೂ ಇದೆ. ಮನೆಯಲ್ಲಿ ವೆಲ್ಡಿಂಗ್ ಕಲಿಯಬೇಕೆಂದು ಕೇಳುವವರಿಗೆ ನಾನು ಮೊದಲು ಹೇಳುವುದು ಶಾಖದ ಲೆಕ್ಕವನ್ನೇ.

ಆ ಲೆಕ್ಕ ಮೀಟರ್ ಬೋರ್ಡಿನಿಂದ ಆರಂಭವಾಗುತ್ತದೆ. ಅಂಗಡಿಯಲ್ಲಿ ಸಿಗುವ ಇನ್ವರ್ಟರ್ ವೆಲ್ಡಿಂಗ್ ಯಂತ್ರಗಳ ಮೇಲೆ 200 ಆಂಪಿಯರ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಹೀಗೆ ರಾಡಿನಿಂದ ಬೆಸೆಯುವ ಸ್ಟಿಕ್ ವೆಲ್ಡಿಂಗ್ ಯಂತ್ರಗಳನ್ನು ಅಳೆಯುವ ರೂಢಿಯ ಸೂತ್ರದಂತೆ ಆಂಪಿಯರನ್ನು 0.04ರಿಂದ ಗುಣಿಸಿ 20 ಕೂಡಿಸಿದರೆ ಆರ್ಕಿನ ವೋಲ್ಟೇಜು ಸಿಗುತ್ತದೆ. 80 ಆಂಪಿಯರಿಗೆ ಅದು 23.2 ವೋಲ್ಟು, ಅಂದರೆ ಆರ್ಕಿಗೆ ಹೋಗುವ ಶಕ್ತಿ ಎರಡು ಕಿಲೋವ್ಯಾಟಿಗಿಂತ ತುಸು ಕಡಿಮೆ. 120 ಆಂಪಿಯರಿಗೆ ಮೂರು ಕಿಲೋವ್ಯಾಟು, 200 ಆಂಪಿಯರಿಗೆ 5.6 ಕಿಲೋವ್ಯಾಟು. ಯಂತ್ರದಲ್ಲೇ ಐದನೆಯ ಒಂದು ಭಾಗ ನಷ್ಟವಾಗುತ್ತದೆಂದು ಹಿಡಿದರೆ, 120 ಆಂಪಿಯರಿನಲ್ಲಿ ಬೆಸೆಯುವಾಗ 230 ವೋಲ್ಟಿನ ಸಿಂಗಲ್ ಫೇಸ್ ಲೈನಿನಿಂದ ಕನಿಷ್ಠ 16 ಆಂಪಿಯರು ಎಳೆದಂತಾಯಿತು. ಎಳೆದ ಕರೆಂಟನ್ನು ಪೂರ್ತಿ ಉಪಯೋಗಿಸಲಾರದ, ಅಂದರೆ ಪವರ್ ಫ್ಯಾಕ್ಟರ್ ಕಡಿಮೆಯಿರುವ, ಅಗ್ಗದ ಯಂತ್ರವಾದರೆ ಇನ್ನೂ ಹೆಚ್ಚು. ಗೀಸರಿನ ಸಾಕೆಟ್ಟಿನ ಮಿತಿ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲಿನ 200 ಎಂಬ ಸಂಖ್ಯೆಗೆ ಮಾರುಹೋಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ತೆಳು ಪೈಪಿನ ಕೆಲಸವೆಲ್ಲ 80ರ ಒಳಗೇ ನಡೆಯುತ್ತದೆ. ಹಾಗಿದ್ದರೂ ನಾನು ಮೀಟರ್ ಬೋರ್ಡಿನಿಂದ ಶೆಡ್ಡಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರನ್ನು ನೇರವಾಗಿ ಎಳೆಸಿ, ಪ್ರತ್ಯೇಕ ಎಂಸಿಬಿ ಹಾಕಿಸಿ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಅಳತೆ ಮಾಡಿಸಿದ ನಂತರವೇ ಯಂತ್ರ ತಂದೆ. ಟಿವಿಗೆ ಬಳಸುವ ಎಕ್ಸ್‌ಟೆನ್ಷನ್ ಬಾಕ್ಸಿಗೆ ವೆಲ್ಡಿಂಗ್ ಯಂತ್ರ ಸಿಕ್ಕಿಸುವುದನ್ನು ನಾನು ಎಲ್ಲಿ ಕಂಡರೂ ತಡೆಯುತ್ತೇನೆ.

ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗ್ರಿಲ್ ಅಂಗಡಿಗಳಲ್ಲಿ ಇಬ್ಬರು ಸೇರಿ ಎತ್ತುತ್ತಿದ್ದ ಹಳೆಯ ಟ್ರಾನ್ಸ್‌ಫಾರ್ಮರಿನ ಜಾಗಕ್ಕೆ ಈಗ ಒಂದೇ ಕೈಯಲ್ಲಿ ಹಿಡಿಯಬಹುದಾದ ಇನ್ವರ್ಟರ್ ಬಂದಿದೆ. ಅದು ಮನೆಯ ಎಸಿ ವಿದ್ಯುತ್ತನ್ನು ಡಿಸಿ ಮಾಡಿಕೊಂಡು, ಸೆಕೆಂಡಿಗೆ ಹತ್ತಾರು ಸಾವಿರ ಸಲ ಆರಿಸಿ ಹತ್ತಿಸುವುದರಿಂದ ಒಳಗಿನ ಟ್ರಾನ್ಸ್‌ಫಾರ್ಮರು ಬಹಳ ಚಿಕ್ಕದಾದರೂ ಸಾಕಾಗುತ್ತದೆ. ಹೊರಗೆ ಬರುವುದು ಡಿಸಿ ಆದ್ದರಿಂದ ಹವ್ಯಾಸಿಗೆ ಒಂದು ದೊಡ್ಡ ಅನುಕೂಲವೂ ಉಂಟು: ರಾಡು ಹಿಡಿಯುವ ಹೋಲ್ಡರನ್ನು ನೆಗೆಟಿವ್ ಕಡೆಗೂ ಪೈಪಿಗೆ ಕಚ್ಚಿಸುವ ಅರ್ಥ್ ಕ್ಲಾಂಪನ್ನು ಪಾಸಿಟಿವ್ ಕಡೆಗೂ ಸಿಕ್ಕಿಸಿದರೆ ಬೆಸುಗೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ತೆಳು ಪೈಪು ತೂತಾಗದಂತೆ ಉಳಿಯಲು ಇದು ನಿಜವಾಗಿಯೂ ನೆರವಾಗುತ್ತದೆ.

ರಾಡು, ಸಾಮಾನ್ಯ ಉಕ್ಕಿಗೆ ಬಳಸುವ 6013 ಎಂಬ ಸಂಖ್ಯೆಯದು. ಸುತ್ತಲಿನ ಲೇಪನವಿಲ್ಲದಿದ್ದರೆ ರಾಡೆಂಬುದು ಬರಿಯ ಕಂಬಿ. ಆ ಲೇಪನ ಉರಿದು ಹೊಮ್ಮುವ ಅನಿಲವು ಕರಗಿದ ಲೋಹಕ್ಕೆ ಗಾಳಿಯ ಆಮ್ಲಜನಕ, ಸಾರಜನಕಗಳು ತಗಲದಂತೆ ಕಾಯುತ್ತದೆ, ಉಳಿದದ್ದು ಕಿಟ್ಟವಾಗಿ ಮೇಲೆ ಹೆಪ್ಪುಗಟ್ಟಿ ಬೆಸುಗೆ ನಿಧಾನವಾಗಿ ಆರುವಂತೆ ಮಾಡುತ್ತದೆ. ಇಂಥ ಲೇಪನದ ರಾಡನ್ನು ರೂಪಿಸಿದ ಸ್ವೀಡನ್ನಿನ ಆಸ್ಕರ್ ಕೆಲ್‌ಬರ್ಗ್ 1904ರಲ್ಲಿ ಸ್ಥಾಪಿಸಿದ ಎಸಾಬ್ ಕಂಪನಿಯ ಹೆಸರು ಇಂದಿಗೂ ನಮ್ಮ ಹಾರ್ಡ್‌ವೇರ್ ಅಂಗಡಿಗಳ ರಾಡ್ ಪೊಟ್ಟಣಗಳ ಮೇಲಿದೆ. 2.5 ಮಿಲಿಮೀಟರಿನ ರಾಡಿಗೆ ಪೊಟ್ಟಣದ ಮೇಲೆ ಸೂಚಿಸುವುದು ಸಾಮಾನ್ಯವಾಗಿ 60ರಿಂದ 90 ಆಂಪಿಯರು. 16 ಗೇಜಿನ ಪೈಪಿಗೆ ನಾನು 60ರ ಆಚೀಚೆ ನಿಲ್ಲುತ್ತೇನೆ. 18 ಗೇಜಿಗೆ 2 ಮಿಲಿಮೀಟರಿನ ರಾಡು, 45 ಆಂಪಿಯರು. ಮಳೆಗಾಲದಲ್ಲಿ ರಾಡು ತೇವ ಹೀರಿಕೊಳ್ಳುವುದರಿಂದ, ಒಡೆದ ಪೊಟ್ಟಣವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಕಡ್ಡಾಯ.

ಇನ್ನು ಬೆಸುಗೆಯ ಕ್ಷಣ. ಕಲಿಯುವವರ ಕಣ್ಣು ಸಹಜವಾಗಿ ಆರ್ಕಿನ ಬೆಳಕಿನ ಮೇಲೆಯೇ ನೆಡುತ್ತದೆ. ನಮ್ಮ ಬಡಾವಣೆಯ ಗ್ರಿಲ್ ಅಂಗಡಿಯ ಮೇಸ್ತ್ರಿಯೊಬ್ಬರು ನನ್ನ ಪಕ್ಕದಲ್ಲಿ ನಿಂತು, "ಬೆಳಕು ನೋಡ್ಬೇಡಿ ಸಾರ್, ಅದರ ಹಿಂದೆ ಕರಗಿರೋದನ್ನ ನೋಡಿ" ಎಂದು ಹೇಳಿಕೊಟ್ಟರು. ಈ ವಿದ್ಯೆಯ ಬಾಗಿಲು ನನಗೆ ತೆರೆದದ್ದು ಆ ಮಾತಿನಿಂದ. ಹೆಲ್ಮೆಟ್ಟಿನ 10 ಅಥವಾ 11ನೇ ಶೇಡಿನ ಕಪ್ಪು ಗಾಜಿನ ಮೂಲಕ ನೋಡುವಾಗ ಆರ್ಕಿನ ಹಿಂಬದಿಯಲ್ಲಿ ಎರಡು ಬಗೆಯ ದ್ರವಗಳು ಕಾಣುತ್ತವೆ. ಒಂದು ಹೊಳೆಯುವ, ಅಂಚು ಸ್ಪಷ್ಟವಾಗಿರುವ, ನಿಶ್ಚಲವಾಗಿ ತೋರುವ ಲೋಹದ ಮಡು. ಇನ್ನೊಂದು ಅದರ ಮೇಲೆ ತೇಲುತ್ತ, ಹಿಂದೆ ಸರಿಯುತ್ತ, ಸದಾ ಹೊರಳಾಡುವ ಕಿಟ್ಟ. ರಾಡನ್ನು ತೀರಾ ನಿಧಾನವಾಗಿ ಎಳೆದರೆ ಕಿಟ್ಟ ಮುಂದಕ್ಕೆ ಹರಿದು ಮಡುವಿನೊಳಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಚೆಂದವಾಗಿ ಕಂಡರೂ ಒಳಗೆ ಪೊಳ್ಳಾದ ಬೆಸುಗೆಗಳು ಬಹುಪಾಲು ಹುಟ್ಟುವುದು ಹೀಗೆ. ಮಡುವಿನ ನಡುಭಾಗ ತುಸು ಕುಸಿದು ಬಿಳುಪೇರತೊಡಗಿತೆಂದರೆ ಇನ್ನು ಅರೆಗಳಿಗೆಯಲ್ಲಿ ತೂತು ಬೀಳಲಿದೆ ಎಂದರ್ಥ, ಆಗ ರಾಡನ್ನು ಎತ್ತಿ ಆರ್ಕನ್ನು ಕಡಿಯಬೇಕು. ಕಿವಿಯೂ ಕಣ್ಣಿನಷ್ಟೇ ಕೆಲಸ ಮಾಡುತ್ತದೆ. ಆರ್ಕಿನ ಉದ್ದ ಸರಿಯಿದ್ದಾಗ ಬಾಣಲೆಯಲ್ಲಿ ಬೋಂಡಾ ಬೇಯುವಂಥ ಒಂದೇ ಸಮನೆಯ ಚಿಟಪಟ ಕೇಳುತ್ತದೆ. ಉದ್ದ ಹೆಚ್ಚಿದಂತೆ ಆ ಸದ್ದು ಬುಸುಗುಡುವಿಕೆಗೆ ತಿರುಗಿ, ಕಿಡಿಗಳು ಚೆಲ್ಲಾಪಿಲ್ಲಿಯಾಗುತ್ತವೆ.

ತೆಳು ಪೈಪಿನಲ್ಲಿ ಉದ್ದನೆಯ ಗೆರೆ ಎಳೆಯುವ ಆಸೆಯನ್ನು ಬಿಟ್ಟುಬಿಡಬೇಕು. ಒಂದು ಚುಕ್ಕೆ ಇಟ್ಟು, ಕೆಂಪು ಬಣ್ಣ ಮಾಸುವವರೆಗೆ ಕಾದು, ಅದರ ಅರ್ಧ ಭಾಗದ ಮೇಲೆ ಬರುವಂತೆ ಮುಂದಿನ ಚುಕ್ಕೆ ಇಡುತ್ತ ಹೋದರೆ ಶಾಖ ಎಲ್ಲಿಯೂ ಕೂಡಿಕೊಳ್ಳುವುದಿಲ್ಲ. ಆದರೆ ಇದು ಸಾಧ್ಯವಾಗುವುದು ಕೀಲುಗಳು ಬಿಗಿಯಾಗಿ ಕೂತಿದ್ದರೆ ಮಾತ್ರ. ಸಂದಿಯಲ್ಲಿ ಕಾಗದ ತೂರಿದರೆ ಅಡ್ಡಿಯಿಲ್ಲ. ನಾಣ್ಯವೇ ತೂರುವಂತಿದ್ದರೆ ಯಂತ್ರ ಆರಿಸಿ ಮತ್ತೆ ಅರ ಕೈಗೆತ್ತಿಕೊಳ್ಳುವುದು ಲೇಸು. ಕತ್ತರಿಸಿ ಉಜ್ಜಿ ಹೊಂದಿಸುವುದಕ್ಕೆ ಒಂದು ಬೆಳಗು ಪೂರ್ತಿ ಹೋದರೆ ಬೆಸುಗೆಗೆ ತಗಲುವುದು ಅದರಲ್ಲಿ ಸಣ್ಣ ಪಾಲು. ಈ ಪ್ರಮಾಣವನ್ನು ಯಾರೂ ಬೇಸರದಿಂದ ನೋಡಬಾರದು ಎಂದು ನನ್ನ ಬಲವಾದ ಅನಿಸಿಕೆ. ಮಟ್ಟಸವಾಗಿ ಉಜ್ಜಿದ ಪೈಪಿನ ತುದಿ ಇನ್ನೊಂದರ ಮೈಗೆ ಬೆಳಕೂ ನುಸುಳದಂತೆ ಕೂತಾಗ ಸಿಗುವ ತೃಪ್ತಿ ಆರ್ಕಿನ ತೃಪ್ತಿಗಿಂತ ಕಡಿಮೆಯದಲ್ಲ.

ತಾರಸಿ ತೋಟಕ್ಕೆಂದು ಮಾಡಿದ ಮೂರು ಅಂತಸ್ತಿನ ಸ್ಟ್ಯಾಂಡಿನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ನಾಲ್ಕಡಿ ಅಗಲ, ಮೂರಡಿ ಎತ್ತರ, 16 ಗೇಜಿನ ಒಂದಿಂಚು ಚೌಕ ಪೈಪು. ಈ ಪೈಪು ಮೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆ. ಮಾರುವುದು ಇಪ್ಪತ್ತಡಿಯ ಉದ್ದದಲ್ಲಿ, ಬೆಲೆ ಕಿಲೋ ಲೆಕ್ಕದಲ್ಲಿ. ಆದ್ದರಿಂದ ಒಂದು ಉದ್ದ ಸುಮಾರು ಏಳು ಕಿಲೋ ಎಂಬುದು ನೆನಪಿದ್ದರೆ ತಕ್ಕಡಿಯ ಮುಂದೆ ನಿಂತಾಗ ಗೇಜು ಸರಿಯಾದದ್ದೇ ಎಂದು ತಾನಾಗಿ ತಿಳಿಯುತ್ತದೆ. ಕಟಿಂಗ್ ವೀಲು, ಕ್ಲಾಂಪು, ಅಯಸ್ಕಾಂತದ ಮೂಲೆಮಟ್ಟ ಮುಂತಾದವಕ್ಕೆ ಎಸ್‌ಪಿ ರಸ್ತೆಗೆ ಹೋಗುವುದು ನನಗೆ ಇಂದಿಗೂ ಹಬ್ಬ. ಅಲ್ಲಿಂದ ಮುಂದುವರಿದು ಜಾಲಿ ಮೊಹಲ್ಲಾದ ಗುಜರಿ ಅಂಗಡಿಗಳನ್ನು ಸುತ್ತಿದರೆ ಸುತ್ತಿಗೆಯಿಂದ ಬಡಿಯುವಾಗ ಅಡಿಗಲ್ಲಾಗಿ ಬಳಸಬಹುದಾದ ದಪ್ಪ ಕಬ್ಬಿಣದ ತುಂಡುಗಳೂ ಕಣ್ಣಿಗೆ ಬೀಳುತ್ತವೆ.

ಚೌಕಟ್ಟು ಮಾಡುವಾಗ ಎದುರಾಗುವ ಶತ್ರು ಶಾಖದ ಇನ್ನೊಂದು ಮುಖ. ಒಂದು ಮೀಟರ್ ಉದ್ದದ ಉಕ್ಕು ನೂರು ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿಲಿಮೀಟರು ಹಿಗ್ಗುತ್ತದೆ. ಬೆಸುಗೆಯ ಸ್ಥಳದಲ್ಲಿ ಏರುವುದು ನೂರಲ್ಲ, ಸಾವಿರಕ್ಕೂ ಹೆಚ್ಚು ಡಿಗ್ರಿ. ಅಲ್ಲಿ ಹಿಗ್ಗಲು ಜಾಗವಿಲ್ಲದೆ ಮೆತ್ತಗಾಗಿ ಒತ್ತಿಕೊಂಡ ಲೋಹ ಆರುವಾಗ ಕುಗ್ಗಿ, ಪೈಪನ್ನು ಬೆಸುಗೆಯ ಕಡೆಗೇ ಎಳೆಯುತ್ತದೆ. ಮೂಲೆಯ ಒಳಬದಿಯನ್ನು ಮೊದಲು ಬೆಸೆದರೆ ತೊಂಬತ್ತು ಡಿಗ್ರಿ ಇದ್ದದ್ದು ಎಂಬತ್ತೆಂಟಕ್ಕೆ ಇಳಿಯುವುದು ಇದೇ ಕಾರಣಕ್ಕೆ. ಹೀಗಾಗಿ ಮೊದಲು ನಾಲ್ಕೂ ಮೂಲೆಗಳಿಗೆ ಬರಿಯ ಟ್ಯಾಕ್, ಅಂದರೆ ಸದ್ಯಕ್ಕೆ ಹಿಡಿದಿಡುವ ಚುಕ್ಕೆ ಬೆಸುಗೆ, ಹಾಕಿ, ಎರಡೂ ಕರ್ಣಗಳನ್ನು ಟೇಪಿನಿಂದ ಅಳೆದು ಸಮವಿದೆಯೇ ಎಂದು ನೋಡಬೇಕು. ವ್ಯತ್ಯಾಸವಿದ್ದರೆ ಉದ್ದವಿರುವ ಕರ್ಣದ ತುದಿಗೆ ಸುತ್ತಿಗೆಯಿಂದ ಮೃದುವಾಗಿ ತಟ್ಟಿದರೆ ಸಾಕು, ಟ್ಯಾಕ್ ಇರುವಾಗ ಚೌಕಟ್ಟು ಮಾತು ಕೇಳುತ್ತದೆ. ನಂತರ ಒಂದು ಮೂಲೆಯ ಒಂದು ಬದಿ, ಅದರ ಎದುರು ಮೂಲೆಯ ಒಂದು ಬದಿ, ಹೀಗೆ ಅಡ್ಡಡ್ಡವಾಗಿ ಸಾಗುತ್ತ, ಒಂದರ ಎಳೆತವನ್ನು ಇನ್ನೊಂದು ಸರಿದೂಗಿಸುವಂತೆ ಬೆಸೆಯಬೇಕು. ಅಯಸ್ಕಾಂತದ ಮೂಲೆಮಟ್ಟವನ್ನು ಟ್ಯಾಕ್ ಆದ ಕೂಡಲೇ ತೆಗೆದುಬಿಡುವುದು ಒಳ್ಳೆಯದು. ಡಿಸಿ ಆರ್ಕು ಅಯಸ್ಕಾಂತದ ಬಳಿ ಒಂದು ಕಡೆಗೆ ವಾಲಿ, ರಾಡು ತೋರಿಸಿದಲ್ಲಿ ಲೋಹ ಬೀಳುವುದಿಲ್ಲ.

ಕೆಲವರು ತುಕ್ಕು ಹಿಡಿಯದಿರಲೆಂದು ಜಿಐ ಪೈಪನ್ನೇ ಬೆಸೆಯಲು ಹೊರಡುತ್ತಾರೆ. ಅದರ ಮೇಲಿನ ಸತು 420 ಡಿಗ್ರಿಯಲ್ಲಿ ಕರಗಿ 907 ಡಿಗ್ರಿಯಲ್ಲಿ ಕುದಿಯುವುದರಿಂದ, ಉಕ್ಕು ಕರಗುವ ಹೊತ್ತಿಗೆ ಅದು ಬಿಳಿ ಹೊಗೆಯಾಗಿ ಮುಖದತ್ತ ಏಳುತ್ತಿರುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿದರೂ ಅದನ್ನು ಹಗುರವಾಗಿ ಕಾಣಬಾರದು. ಹಾಲು ಕುಡಿದರೆ, ಬೆಲ್ಲ ತಿಂದರೆ ಸರಿಹೋಗುತ್ತದೆ ಎಂಬ ನಂಬಿಕೆ ಅಂಗಡಿಗಳಲ್ಲಿ ಗಟ್ಟಿಯಾಗಿದೆ, ಆದರೆ ಶ್ವಾಸಕೋಶಕ್ಕೆ ಹೋದದ್ದನ್ನು ಹೊಟ್ಟೆಗೆ ಹೋದದ್ದು ತಡೆಯಲಾರದು. ಬೆಸುಗೆಯ ಜಾಗದ ಎರಡೂ ಕಡೆ ಸತುವನ್ನು ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೂತು, ತಕ್ಕ ಮಾಸ್ಕು ಧರಿಸುವುದು ಸರಿಯಾದ ದಾರಿ. ನಾನಂತೂ ಸತುವಿನ ಲೇಪನವಿಲ್ಲದ ಕಪ್ಪು ಎಂಎಸ್ ಪೈಪನ್ನೇ ತರುತ್ತೇನೆ.

ಕಾರ್ ಶೆಡ್ಡೆಂದರೆ ಪೆಟ್ರೋಲು ಇರುವ ಜಾಗ ಎಂಬುದನ್ನೂ ಮರೆಯುವಂತಿಲ್ಲ. ಯಂತ್ರ ಹೊರಗೆ ಬರುವ ಮೊದಲು ಕಾರು, ಸ್ಕೂಟರು ಎರಡೂ ರಸ್ತೆಗೆ ಹೋಗುತ್ತವೆ. ಥಿನ್ನರ್ ಡಬ್ಬಿ, ಹಳೆಯ ಪೇಪರು, ಎಣ್ಣೆ ಒರೆಸಿದ ಬಟ್ಟೆಗಳು ಮನೆಯೊಳಗೆ ಸೇರುತ್ತವೆ. ಒಂದು ಬಕೆಟ್ ಮರಳು, ಒಂದು ಅಗ್ನಿಶಾಮಕ ಸಿಲಿಂಡರು ಕೈಗೆಟುಕುವಂತೆ ಇರುತ್ತವೆ. ಕೊನೆಯ ಕಿಡಿ ಆರಿದ ಮೇಲೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಅಲ್ಲೇ ಕಾಯುತ್ತೇನೆ. ಬೀದಿಯಲ್ಲಿ ಆಡುವ ಮಕ್ಕಳು ಮಿಂಚು ಕಂಡಲ್ಲಿ ನೋಡಲು ನಿಲ್ಲುತ್ತಾರೆ, ಅವರ ಕಣ್ಣಿಗೆ ಹೆಲ್ಮೆಟ್ ಇಲ್ಲ. ಆದ್ದರಿಂದ ಗೇಟಿನ ಕಡೆಗೆ ಬೆಂಕಿ ತಗಲದ ದಪ್ಪ ಪರದೆ ಕಟ್ಟದೆ ನಾನು ಆರ್ಕು ಹೊತ್ತಿಸುವುದಿಲ್ಲ. ನಾಲ್ಕಿಂಚಿನ ಗ್ರೈಂಡರು ನಿಮಿಷಕ್ಕೆ ಹತ್ತು ಸಾವಿರ ಸುತ್ತುಗಳಿಗೂ ಹೆಚ್ಚು ವೇಗದಲ್ಲಿ ತಿರುಗುತ್ತದೆ. ಅದರ ವೀಲಿನ ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತವೆ. ಅವಧಿ ಮೀರಿದ ವೀಲನ್ನು ಕಸಕ್ಕೆ ಹಾಕಬೇಕು, ಗಾರ್ಡನ್ನು ಯಾವ ಕಾರಣಕ್ಕೂ ತೆಗೆಯಬಾರದು.

ಬಾಲ್ಕನಿಯ ಕಟಾಂಜನ, ಮೆಟ್ಟಿಲು, ಉಯ್ಯಾಲೆಯ ಕೊಕ್ಕೆ, ಗಾಡಿಯ ಚಾಸಿ ಇವನ್ನು ನಾನು ಮುಟ್ಟುವುದಿಲ್ಲ. ಹೂಕುಂಡದ ಸ್ಟ್ಯಾಂಡಿನ ಬೆಸುಗೆ ಬಿಟ್ಟುಕೊಂಡರೆ ಒಂದು ಕುಂಡ ಒಡೆಯುತ್ತದೆ, ಅಷ್ಟೇ. ಮನುಷ್ಯರ ಭಾರ ಹೊರುವ ಬೆಸುಗೆಗೆ ತರಬೇತಿ, ಪರೀಕ್ಷೆ, ಹೈಡ್ರೋಜನ್ ಸೇರಿ ಬೆಸುಗೆ ಬಿರುಕು ಬಿಡದಂತೆ ರೂಪಿಸಿದ, ಸರಿಯಾಗಿ ಒಣಗಿಸಿಟ್ಟ ಲೋ ಹೈಡ್ರೋಜನ್ ರಾಡುಗಳು ಎಲ್ಲವೂ ಬೇಕಾಗುತ್ತವೆ. ಅಂಥ ಕೆಲಸ ಬಂದಾಗ ಮೇಸ್ತ್ರಿಯವರನ್ನೇ ಕರೆಯುತ್ತೇನೆ.

ಸ್ಟ್ಯಾಂಡು ಬೆಸೆದಾದ ಮೇಲೆ ಉಳಿಯುವುದು ತುಕ್ಕಿನ ವಿಚಾರ. ಚಿಪ್ಪಿಂಗ್ ಹ್ಯಾಮರಿನಿಂದ ಕಿಟ್ಟವನ್ನು ಪೂರ್ತಿ ಉದುರಿಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಗ್ರೈಂಡರಿಗೆ ಉಜ್ಜುಕಾಗದದ ಪಟ್ಟಿಗಳ ಫ್ಲಾಪ್ ಡಿಸ್ಕ್ ಹಾಕಿ ಆಡಿಸಿದ ನಂತರವೇ ಬಣ್ಣ. ಕಿಟ್ಟದ ಚೂರು ಉಳಿದ ಕಡೆ ಪ್ರೈಮರು ಹಿಡಿಯದೆ ಮೊದಲ ಮಳೆಗೇ ಸಿಪ್ಪೆ ಏಳುತ್ತದೆ. ಪೈಪಿನ ತೆರೆದ ತುದಿಗಳನ್ನೆಲ್ಲ ಪುಟ್ಟ ತಗಡಿನಿಂದ ಮುಚ್ಚಿ ಬೆಸೆಯುತ್ತೇನೆ, ಇಲ್ಲವಾದರೆ ಕುಂಡಗಳಿಗೆ ಹನಿಸುವ ನೀರು ಒಳಗೆ ಇಳಿದು, ಹೊರಗಿನ ಬಣ್ಣ ಚೆನ್ನಾಗಿರುವಾಗಲೇ ಪೈಪು ಒಳಗಿನಿಂದ ತಿನ್ನಲ್ಪಡುತ್ತದೆ. ಎರಡು ಕೈ ರೆಡ್ ಆಕ್ಸೈಡು, ಅದು ಒಣಗಿದ ಮೇಲೆ ಎರಡು ಕೈ ಎನಾಮೆಲ್. ಕಾಲುಗಳ ಕೆಳಗೆ ಎರಡಿಂಚು ಚೌಕದ ಪ್ಲೇಟು, ಅದರಡಿ ರಬ್ಬರ್ ತುಂಡು. ಬರಿಯ ಪೈಪಿನ ಅಂಚು ತಾರಸಿಯ ವಾಟರ್‌ಪ್ರೂಫಿಂಗನ್ನು ಕೊಯ್ದುಬಿಟ್ಟರೆ ಕೆಳಗಿನ ಕೋಣೆಯ ಸೂರು ಸೋರತೊಡಗುತ್ತದೆ.