ವ್ಯಾಪಾರ ಇಳಿದಾಗ ಮೊದಲು ನೋಡಬೇಕಾದದ್ದು ಹಣ ಬರುವ ತಾರೀಖು

ಚಿಕ್ಕಮಗಳೂರಿನಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ನನ್ನ ಕೆಲಸ. ಬೇಕರಿ, ವೆಲ್ಡಿಂಗ್ ಶಾಪ್, ಕಾಫಿಪುಡಿ ಅಂಗಡಿ, ಹೋಂಸ್ಟೇ, ಹೀಗೆ ಎಲ್ಲ ಬಗೆಯವರ ಪುಸ್ತಕಗಳೂ ನನ್ನ ಮೇಜಿಗೆ ಬರುತ್ತವೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡಗಳೇ ಕುಸಿದವು. ಅದರಿಂದ ಚೇತರಿಸಿಕೊಳ್ಳುವ ಮೊದಲೇ 2020ರ ಲಾಕ್‌ಡೌನ್ ಬಂತು. ಆಗ ಬಾಗಿಲು ಹಾಕಿದ ಹಲವರ ಲೆಕ್ಕ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರ ಪುಸ್ತಕದಲ್ಲಿ ಲಾಭವೇ ಇತ್ತು. ಕಂತು ಕಟ್ಟುವ ದಿನ ಕೈಯಲ್ಲಿ ಹಣವಿರಲಿಲ್ಲ, ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹಣ ಒಂದೇ ಸಮನೆ ಓಡಾಡುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಜೋರಾಗುತ್ತದೆ, ರೊಬಸ್ಟಾ ಸಂಕ್ರಾಂತಿಯ ಆಸುಪಾಸಿನಲ್ಲಿ. ತೋಟಗಳಲ್ಲಿ ಕೂಲಿ ಬಟವಾಡೆಯಾದರೆ ಆಲ್ದೂರು, ಬಾಳೆಹೊನ್ನೂರಿನ ಅಂಗಡಿಗಳಿಗೂ ಕಳೆ ಬರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಗಲ್ಲಾಪೆಟ್ಟಿಗೆ ಬಡವಾಗುತ್ತದೆ. ಬ್ಯಾಂಕಿನ ಕಂತಿಗೆ ಮಾತ್ರ ಕೊಯ್ಲೂ ಇಲ್ಲ, ಮಳೆಗಾಲವೂ ಇಲ್ಲ. ಕಾಫಿ ದರ ಚೆನ್ನಾಗಿರುವ ವರ್ಷ ಈ ಅಂತರ ಹೇಗೋ ಮುಚ್ಚಿಹೋಗುತ್ತದೆ. ದರ ಕುಸಿದ ವರ್ಷ ಅದೇ ಅಂಗಡಿಯನ್ನು ಮುಳುಗಿಸುತ್ತದೆ.

ಹಾಗಾಗಿ ಯಾರೇ ಬಂದು ‘ವ್ಯಾಪಾರವೇ ಇಲ್ಲ’ ಎಂದರೂ ನಾನು ಮೊದಲು ಒಂದು ಹಾಳೆ ತೆಗೆದುಕೊಳ್ಳುತ್ತೇನೆ. ಮುಂದಿನ ಮೂರು ತಿಂಗಳನ್ನು ವಾರವಾರವಾಗಿ ಬರೆದು, ಎಡಕ್ಕೆ ಬರುವ ಹಣ, ಬಲಕ್ಕೆ ಹೋಗುವ ಹಣ. ಬರುವ ಕಡೆ ‘ಬರಬಹುದು’ ಎನ್ನುವುದಕ್ಕೆ ಜಾಗವಿಲ್ಲ. ಯಾರಿಂದ, ಯಾವ ವಾರ ಎಂದು ಹೇಳಲಾಗದಿದ್ದರೆ ಆ ಮೊತ್ತವನ್ನು ಬರೆಯುವುದೇ ಇಲ್ಲ. ಸಾಮಾನ್ಯವಾಗಿ ಐದನೆಯದೋ ಆರನೆಯದೋ ವಾರಕ್ಕೆ ಬಂದಾಗ ಎದುರು ಕುಳಿತವರ ಮಾತು ನಿಲ್ಲುತ್ತದೆ. ಅಲ್ಲಿ ಹೋಗುವ ಹಣ ಮಾತ್ರ ಇರುತ್ತದೆ. ಹಣ ಸಾಲದ ಆ ವಾರ ಮೊದಲೇ ಗೊತ್ತಾಗುವುದೇ ಅರ್ಧ ಪರಿಹಾರ ಎಂದು ನಾನು ನಂಬಿದ್ದೇನೆ, ಏಕೆಂದರೆ ಏನಾದರೂ ಮಾಡಲು ಇನ್ನೂ ಐದು ವಾರ ಕೈಯಲ್ಲಿರುತ್ತದೆ.

ಕಬ್ಬಿಣದ ಮಂಚ, ಕುರ್ಚಿ ಮಾಡಿಕೊಡುವ ಒಬ್ಬರ ಹಾಳೆ ಚೆನ್ನಾಗಿ ನೆನಪಿದೆ. ಬೆಟ್ಟದ ಕಡೆಯ ಒಂದು ರೆಸಾರ್ಟ್‌ಗೆ ಎರಡು ಲಕ್ಷ ರೂಪಾಯಿಯ ಸಾಮಾನು ಕೊಟ್ಟಿದ್ದರು. ಅದರ ಮೇಲೆ ಶೇ 18ರಂತೆ 36,000 ರೂಪಾಯಿ ಜಿಎಸ್‌ಟಿ. ರೆಸಾರ್ಟ್‌ನಿಂದ ಒಂದು ರೂಪಾಯಿಯೂ ಬಂದಿರಲಿಲ್ಲ. ಆದರೆ ಬಿಲ್ ಹರಿದ ಮೇಲೆ ತೆರಿಗೆ ನಿಲ್ಲುವುದಿಲ್ಲ, ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಕಬ್ಬಿಣ ಕೊಂಡಾಗ ಕೊಟ್ಟ ತೆರಿಗೆಯನ್ನು ಕಳೆದು ಉಳಿದದ್ದನ್ನು ಅವರು ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದ್ದರು. ಮಾರಾಟ ಮಾಡಿದ್ದಕ್ಕೇ ಮನೆಯ ಚಿನ್ನ ಹೋಗಿತ್ತು.

‘ಗಟ್ಟಿಯಾಗಿ ಕೇಳಿದರೆ ಮುಂದಿನ ಆರ್ಡರ್ ಕೈಬಿಟ್ಟು ಹೋಗುತ್ತದೆ ಮೇಡಂ’ ಎಂದರು. ಆ ಭಯ ಸುಳ್ಳಲ್ಲ. ಆದರೆ ಕಾನೂನು ಅವರ ಕಡೆಗಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸಣ್ಣ ಉದ್ದಿಮೆಯಿಂದ ಸಾಮಾನು ಕೊಂಡವರು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ ಎಂಬ ಬಡ್ಡಿದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ಆನ್‌ಲೈನ್ ದೂರು ಕೊಡಬಹುದು. ಇದಕ್ಕೆಲ್ಲ ಉದ್ಯಮ್ ನೋಂದಣಿ, ಅಂದರೆ ಸರ್ಕಾರದ ‘ಉದ್ಯಮ್’ ಪೋರ್ಟಲ್‌ನಲ್ಲಿ ಉದ್ದಿಮೆಯ ನೋಂದಣಿ ಇರಬೇಕು. ಅದು ಪೂರ್ತಿ ಉಚಿತ. ಅದಕ್ಕೂ ದುಡ್ಡು ಕೀಳುವ ದಲ್ಲಾಳಿಗಳನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ದೂರು ಕೊಡುವವರೆಗೆ ಹೋಗಬೇಕಾಗಲಿಲ್ಲ. ರೆಸಾರ್ಟ್‌ನ ಮಾಲೀಕರಿಗಲ್ಲ, ಅವರ ಲೆಕ್ಕಪತ್ರ ನೋಡುವವರಿಗೆ ಒಂದು ವಿನಯದ ಪತ್ರ ಬರೆಸಿದೆ. ಅದರಲ್ಲಿದ್ದದ್ದು ಎರಡೇ ವಿಷಯ. 2023-24ರ ಲೆಕ್ಕ ವರ್ಷದಿಂದ, ಸಣ್ಣ ಉದ್ದಿಮೆಗೆ ಈ 15 ಅಥವಾ 45 ದಿನದೊಳಗೆ ಹಣ ಕೊಡದೆ ವರ್ಷ ದಾಟಿಸಿದರೆ, ಕೊಡುವವರೆಗೂ ಆ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯುವಂತಿಲ್ಲ. ಬಿಲ್ಲಿನ ತಾರೀಖಿನಿಂದ 180 ದಿನವಾದರೂ ಕೊಡದಿದ್ದರೆ ಪಡೆದ ಜಿಎಸ್‌ಟಿ ಕ್ರೆಡಿಟ್ಟನ್ನು, ಅಂದರೆ ಆ ಬಿಲ್ಲಿನ ಲೆಕ್ಕದಲ್ಲಿ ತಮ್ಮ ತೆರಿಗೆಯಿಂದ ಕಳೆದುಕೊಂಡ ಮೊತ್ತವನ್ನು, ಹಿಂದಿರುಗಿಸಬೇಕು. ಲೆಕ್ಕ ಬರೆಯುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಹಣ ಎರಡು ಕಂತಿನಲ್ಲಿ ಬಂತು, ಆರ್ಡರ್ ಕೂಡ ಉಳಿಯಿತು. ಈಗ ಅವರು ಬಿಲ್ಲಿನ ಮೇಲೆಯೇ ಉದ್ಯಮ್ ಸಂಖ್ಯೆ ಮತ್ತು ಹಣ ಕೊಡಬೇಕಾದ ಕಡೆಯ ದಿನಾಂಕ ಅಚ್ಚು ಹಾಕಿಸುತ್ತಾರೆ, ಅರ್ಧ ಮುಂಗಡವಿಲ್ಲದೆ ಕಬ್ಬಿಣ ಕತ್ತರಿಸುವುದಿಲ್ಲ.

ಕೊಂಡು ಮಾರುವ ಅಂಗಡಿಯವರಿಗೆ ಮಾತ್ರ ಈ ರಕ್ಷಣೆ ಇಲ್ಲ. 2021ರಿಂದ ಅವರಿಗೂ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಆದ್ಯತಾ ವಲಯದ ಸಾಲದ, ಅಂದರೆ ಬ್ಯಾಂಕುಗಳು ಕೆಲವು ವರ್ಗಗಳಿಗೆ ಕಡ್ಡಾಯವಾಗಿ ಕೊಡಬೇಕಾದ ಸಾಲದ, ಮಟ್ಟಿಗಷ್ಟೇ. ಉದ್ರಿ ಪುಸ್ತಕ ತುಂಬಿದ ಕಿರಾಣಿಯವರಿಗೂ ಇಂಥದ್ದೊಂದು ಆಸರೆ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಬ್ಯಾಂಕಿನ ಮಾತು. ಕಷ್ಟ ಬಂದಾಗ ನಮ್ಮ ಜನ ಬ್ಯಾಂಕಿನ ಮುಂದೆ ಹಾದುಹೋಗುವುದನ್ನೇ ಬಿಡುತ್ತಾರೆ, ಫೋನ್ ಎತ್ತುವುದಿಲ್ಲ. ಕಂತು ತಪ್ಪಿ 30 ದಿನ, 60 ದಿನ ಎಂದು ಖಾತೆಯ ದರ್ಜೆ ಇಳಿಯುತ್ತಾ 90 ದಿನ ದಾಟಿದರೆ ಅದು ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಆಮೇಲೆ ಮ್ಯಾನೇಜರ್‌ಗೆ ಮನಸ್ಸಿದ್ದರೂ ಅವರ ಕೈ ಕಟ್ಟಿರುತ್ತದೆ. ಒಂದು ಕಂತೂ ತಪ್ಪದಿರುವಾಗ ಆ ಹಾಳೆ ಹಿಡಿದು ಹೋದರೆ ಮಾತುಕತೆಯ ಧಾಟಿಯೇ ಬೇರೆ. ದುಡಿಯುವ ಬಂಡವಾಳಕ್ಕೆ ಮಾಸಿಕ ಕಂತಿನ ಸಾಲದ ಬದಲು ಕ್ಯಾಶ್ ಕ್ರೆಡಿಟ್ ಕೇಳಿ, ಅಂದರೆ ಬಳಸಿದಷ್ಟಕ್ಕೆ ಮಾತ್ರ ಬಡ್ಡಿ. ಕಂತಿನ ಅವಧಿ ಹೆಚ್ಚಿಸಲು ಕೇಳಿ. ಸಂಕಷ್ಟದಲ್ಲಿರುವ ಸಣ್ಣ ಉದ್ದಿಮೆಗಳ ಪುನಶ್ಚೇತನಕ್ಕೆಂದು ರಿಸರ್ವ್ ಬ್ಯಾಂಕ್ 2016ರ ಮಾರ್ಚ್‌ನಲ್ಲಿ ಬ್ಯಾಂಕುಗಳಿಗೆ ಕೊಟ್ಟ ಸೂಚನೆಯಲ್ಲಿ, ಮುಂದೆ ಸಾಲ ತೀರಿಸಲಾಗದು ಎಂಬ ಆತಂಕವಿರುವ ಉದ್ದಿಮೆದಾರರು ತಾವಾಗಿಯೇ ಅರ್ಜಿ ಹಾಕಲು ಅವಕಾಶವಿದೆ. ಮಾತಿನಲ್ಲಿ ಕೇಳಿ ಬರಬೇಡಿ. ಅರ್ಜಿ ಬರೆದು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಬಡ್ಡಿಯ ಬಗ್ಗೆ ಒಂದು ಎಚ್ಚರಿಕೆ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡುವ ಅವಕಾಶ ಸಿಕ್ಕಾಗ ಬಡ್ಡಿ ಬೆಳೆಯುತ್ತಲೇ ಇತ್ತು. ಕಟ್ಟುವ ಶಕ್ತಿ ಇದ್ದವರೂ ಮುಂದೂಡಿ ಭಾರ ಹೆಚ್ಚಿಸಿಕೊಂಡರು.

ಇಂಥ ಕಾಲದಲ್ಲೂ ಬೆಳೆದವರಿದ್ದಾರೆ. ಒಂದು ಬೇಕರಿಯವರು ಪ್ರತಿ ಸಂಜೆ ಉಳಿದದ್ದನ್ನು ಬರೆದಿಟ್ಟು, ಕ್ರೀಮ್ ಕೇಕಿನ ಅರ್ಧ ಬಗೆಗಳನ್ನು ನಿಲ್ಲಿಸಿದರು. ಬನ್, ಖಾರಾ ಬ್ರೆಡ್, ರಸ್ಕ್ ಇಷ್ಟಕ್ಕೇ ಕೈ ಹಚ್ಚಿದರು. ಹಳೆಯ ಕೆಲಸಗಾರನನ್ನು ಬಿಡಲಿಲ್ಲ, ಏಕೆಂದರೆ ಹದವಾಗಿ ಹಿಟ್ಟು ಕಲಸುವ ಕೈ ಮತ್ತೆ ಸಿಗುವುದು ಕಷ್ಟ. ಊರಿನ ಇನ್ನೊಂದು ಬೇಕರಿ ಮುಚ್ಚಿದಾಗ ಅದರ ಓವನ್ ಅಗ್ಗಕ್ಕೆ ಬಂತು. ಕೊಳ್ಳುವ ಮುಂಚೆ ನನ್ನ ಬಳಿ ಬಂದು ಹಾಳೆ ಬರೆಸಿದರು. ಯಾವ ವಾರವೂ ಖಾಲಿ ಬೀಳಲಿಲ್ಲ, ಓವನ್ ಕೊಂಡರು. ಈಗ ಹೋಂಸ್ಟೇಗಳಿಗೆ ಬೆಳಗಿನ ಬ್ರೆಡ್ ಅವರಲ್ಲಿಂದಲೇ ಹೋಗುತ್ತದೆ, ವಾರಕ್ಕೊಮ್ಮೆ ಹಣ ಕೊಡುವ ಹೋಂಸ್ಟೇಗಳಿಗೆ ಮಾತ್ರ.