ಹಲಸಿನ ಶೆಲ್ಫ್: ಬಣ್ಣ ಪೂರ್ತಿ ಹೋಯಿತು, ಪಾಲಿಶ್ ಅರ್ಧ ಆಯಿತು

ಗುಬ್ಬಿ ಕಡೆಯ ಹಳೆ ಮನೆಯಿಂದ ತುಮಕೂರಿಗೆ ತಂದಿದ್ದ ಶೆಲ್ಫಿನ ಕೆಲಸ ಒಂದು ಹಂತಕ್ಕೆ ಬಂದಿದೆ. ಮೇಲಿನ ಹಲಗೆಗಳಿಗೆ ಪಾಲಿಶ್ ಆಗಿದೆ. ಕೆಳಗಿನ ಎರಡು ಇನ್ನೂ ಬೋಳಾಗಿ ಗೋಡೆಗೆ ಒರಗಿಕೊಂಡಿವೆ.

ಮೊದಲು ಬಣ್ಣದ ವಿಷಯ. ಸೀದಾ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಬಹುದಿತ್ತಲ್ವಾ ಅಂತ ಕೆಲವರು ಕೇಳಿದರು. ಮೇಲಿದ್ದದ್ದು ತಾತನ ಕಾಲದ ಹಸಿರು ಎನಾಮಲ್. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಅಂದರೆ ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಳೆಯ ಬಣ್ಣ ಅಂದರೆ ಸೀಸ ಇದೆ ಅಂತಲೇ ಅಂದುಕೊಂಡು ಕೈ ಹಾಕುವುದು ಒಳ್ಳೆಯದು. ಒಣಗಿದ್ದಕ್ಕೇ ಉಜ್ಜಿದರೆ ಆ ಧೂಳು ಮನೆಯೆಲ್ಲಾ ಹರಡುತ್ತದೆ, ಮಗಳು ನೋಡಿದರೆ ನೆಲ ಬಿಟ್ಟು ಮೇಲೇಳುವವಳಲ್ಲ. ನಮ್ಮ ಆಚಾರ್ರು "ಹೀಟ್ ಗನ್ ಹಿಡೀರಿ ಸಾರ್, ಬೇಗ ಆಗುತ್ತೆ" ಅಂದರು. ಅದು ಬಿಸಿ ಗಾಳಿ ಊದಿ ಬಣ್ಣ ಎಬ್ಬಿಸುವ ಯಂತ್ರ. ಜಾಸ್ತಿ ಬಿಸಿಯಾದರೆ ಸೀಸ ಹೊಗೆಯಲ್ಲೇ ಬರುತ್ತದೆ, ಹಾಗಾಗಿ ಅದೂ ಬೇಡ ಅಂದೆ.

ಕೊನೆಗೆ ಪೇಂಟ್ ರಿಮೂವರ್ ಜೆಲ್ ಬಳಿದು, ಬಣ್ಣ ಸುಕ್ಕುಗಟ್ಟಿ ಎದ್ದ ಮೇಲೆ ಪಟ್ಟಿ ಬ್ಲೇಡಿನಿಂದ ಕೆರೆದೆ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಮ್ಮಣ್ಣಿನ ಬಣ್ಣದ ಪ್ರೈಮರ್. ಮೂಲೆಗಳಲ್ಲಿ ಉಳಿದದ್ದನ್ನು ಮಾತ್ರ ನೀರು ಹಾಕಿ ಉಜ್ಜಿದೆ. ಕೆಳಗೆ ಪ್ಲಾಸ್ಟಿಕ್ ಹಾಸಿದ್ದೆ, ಮಾಸ್ಕ್ ತೆಗೆಯಲಿಲ್ಲ, ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಲ್ಲೇ ಒರೆಸಿದೆ. ಇದು ಈ ಇಡೀ ಕೆಲಸದಲ್ಲೇ ಅತಿ ಬೇಜಾರಿನ ಭಾಗ.

ಆದರೆ ಕೆಳಗೆ ಸಿಕ್ಕಿದ್ದು ಅರಿಸಿನದ ಕೊಂಬು ಮುರಿದ ಹಾಗಿರುವ ಹಳದಿ! ಗುಬ್ಬಿ ತಾಲ್ಲೂಕು ಅಂದರೆ ಈಗ ಎಲ್ಲರೂ ಚೇಳೂರಿನ ಸಿದ್ದು ಹಲಸಿನ ಹಣ್ಣಿನ ಮಾತಾಡುತ್ತಾರೆ, ನಮ್ಮ ಹಳೆ ಮನೆಯಲ್ಲಿ ಬಾಗಿಲೂ ಹಲಸು, ಹಲಗೆಯೂ ಹಲಸು. ಇಷ್ಟು ಒಳ್ಳೆ ಮರಕ್ಕೆ ಯಾರು ಹಸಿರು ಬಳಿದರೋ.

ಕೆಳಗಿನ ಒಂದು ಹಲಗೆಯ ಅಂಚಿನಲ್ಲಿ ಕುಟ್ಟೆ, ಅಂದರೆ ಮರ ಕೊರೆಯುವ ಹುಳ, ಹಿಡಿದಿತ್ತು. ಚೇಗು, ಅಂದರೆ ಮರದ ಒಳಗಿನ ತಿರುಳಿನ ಭಾಗ, ಗಟ್ಟಿಯಾಗಿಯೇ ಇದೆ, ಹೊರಗಿನ ಬಿಳಿ ಭಾಗದಲ್ಲಿ ಮಾತ್ರ ಗುಂಡುಸೂಜಿ ತೂರುವಷ್ಟು ತೂತುಗಳು. ಹುಳಕ್ಕೆ ಬೇಕಾದ ಪಿಷ್ಟ ಇರುವುದೇ ಆ ಬಿಳಿ ಭಾಗದಲ್ಲಿ. ಕಪ್ಪು ಕಾಗದ ಹಾಸಿ ಅದರ ಮೇಲೆ ಹಲಗೆ ಇಟ್ಟು ಮಲಗಿದೆ, ಬೆಳಿಗ್ಗೆ ನೋಡಿದರೆ ಹೊಸ ಪುಡಿ ಉದುರಿತ್ತು. ಅಂದರೆ ಹುಳ ಇನ್ನೂ ಒಳಗಿದೆ. ಮರದ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ಒಂದೊಂದೇ ತೂತಿಗೆ ಬಿಟ್ಟಿದ್ದೇನೆ. ಪುಡಿ ನಿಲ್ಲುವವರೆಗೆ ಆ ಹಲಗೆಗೆ ಪಾಲಿಶ್ ಇಲ್ಲ.

ಉಜ್ಜುವುದು 80, 120, 180, 220 ನಂಬರಿನ ಸ್ಯಾಂಡ್‌ಪೇಪರಿನಲ್ಲಿ, ಒರಟಿನಿಂದ ನುಣುಪಿಗೆ. ನಡುವೆ ಒಂದನ್ನೂ ಹಾರಿಸಬೇಡಿ. 80ರ ಗೀರು 220ಕ್ಕೆ ಹೋಗುವುದಿಲ್ಲ, ಅದು ಕಾಣಿಸುವುದೂ ಪಾಲಿಶ್ ಬಿದ್ದ ಮೇಲೇ. ಪ್ರತಿ ನಂಬರ್ ಶುರು ಮಾಡುವ ಮುಂಚೆ ಹಲಗೆ ಮೇಲೆಲ್ಲಾ ಪೆನ್ಸಿಲಿನಲ್ಲಿ ಸುಮ್ನೆ ಗೀಚಿಬಿಡುತ್ತೇನೆ, ಗೀಚಿದ್ದು ಅಳಿಸಿಹೋದರೆ ಅಲ್ಲಿ ಸಾಕು. ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ಹಲಗೆಗೆ ಅಡ್ಡಲಾಗಿ ಹಿಡಿದರೆ ಉಳಿದ ಗೀರೆಲ್ಲಾ ನೆರಳಾಗಿ ಕಾಣುತ್ತದೆ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಟ್ಟರೆ ಮರದ ನಾರು ಎದ್ದು ಕೈಗೆ ಒರಟಾಗುತ್ತದೆ. ಅದನ್ನು ಮತ್ತೆ 220ರಲ್ಲಿ ಹಗುರವಾಗಿ, ಮರದ ಗೆರೆಯ ದಿಕ್ಕಿನಲ್ಲೇ ಉಜ್ಜಿದರೆ ಮುಂದೆ ಪಾಲಿಶ್ ಒರಟಾಗುವುದಿಲ್ಲ.

ಪಾಲಿಶ್‌ಗೆ ಅರಗನ್ನೇ (ಶೆಲಾಕ್) ಆರಿಸಿದೆ. 100 ಗ್ರಾಂ ಅರಗಿನ ಚಕ್ಕೆಯನ್ನು ಅರ್ಧ ಲೀಟರ್ ಸ್ಪಿರಿಟ್‌ನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿಕೊಂಡೆ. ಹಳೆ ಪಂಚೆಯ ತುಂಡಿನೊಳಗೆ ಹತ್ತಿ ಇಟ್ಟು ಗಂಟು ಕಟ್ಟಿ, ಅದನ್ನು ಅದ್ದಿ ಒಂದೇ ಎಳೆತಕ್ಕೆ ಈ ತುದಿಯಿಂದ ಆ ತುದಿಗೆ. ಬಹಳ ಬೇಗ ಒಣಗುತ್ತದೆ, ಎಳೆದ ಜಾಗಕ್ಕೆ ತಕ್ಷಣ ವಾಪಸ್ ಹೋಗಬಾರದು. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ಹಾಗಾಗಿ ಅಡುಗೆಮನೆ ಶೆಲ್ಫಿಗೆ ಇದು ಆಗಿಬರುವುದಿಲ್ಲ. ನಮ್ಮದು ಪುಸ್ತಕದ್ದು. ಗೀರು ಬಿದ್ದರೆ ಅದರ ಮೇಲೇ ಇನ್ನೊಂದು ಕೋಟ್ ಎಳೆದರಾಯಿತು, ಪಿಯು (ಪಾಲಿಯುರೆಥೇನ್) ಪಾಲಿಶ್ ಆದರೆ ಅದೇ ದೊಡ್ಡ ತಲೆನೋವು.

ಮಳೆ ಮೋಡ ಇರುವ ದಿನ ಅರಗು ಮುಟ್ಟುವುದಿಲ್ಲ, ತೇವಕ್ಕೆ ಬಿಳಚಿಕೊಳ್ಳುತ್ತದೆ. ಕೆಳಗಿನ ಹಲಗೆಗಳು ನಿಂತಿರುವುದು ಅದಕ್ಕೇ, ಜೊತೆಗೆ ಆ ಕುಟ್ಟೆ ಬೇರೆ.

ಮರಕ್ಕೆ ಬಣ್ಣ ಹಿಡಿಸುವ ಸ್ಟೇನ್ ಹಾಕುವುದಿಲ್ಲ. ಹಲಸು ಬೆಳಕಿಗೆ ತಾನಾಗಿಯೇ ಕಂದು ಬಣ್ಣಕ್ಕೆ ತಿರುಗುತ್ತದೆ. ತೊಂದರೆ ಅಂದರೆ ಈಗಲೇ ಪುಸ್ತಕ ಜೋಡಿಸಿದರೆ ಅದರ ಅಡಿ ಹಳದಿಯಾಗಿಯೇ ಉಳಿದು ಸುತ್ತ ಮಾತ್ರ ಕಂದಾಗುತ್ತದೆ, ಹಾಗಾಗಿ ಕೆಲವು ತಿಂಗಳು ಖಾಲಿ ಬಿಡಬೇಕು. "ಖಾಲಿ ಇಡೋಕೆ ಇಷ್ಟೆಲ್ಲಾ ಉಜ್ಜಿದ್ಯಾ?" ಅಂತ ಅಮ್ಮ ಕೇಳುತ್ತಿದ್ದಾರೆ.